ಕೂಡ್ರಬಾರದ ದಾರಿ

ದೈ ತಿಂಗಳ ೧೬, ನಿಜಾಮ ಸರಕಾರದ ಫಸಲಿ ೧೩೪೬. ಬೆಳಿಗ್ಗೆ

ಇಂದೂ ತಾಜಸುಲ್ತಾನಪುರದವರೆಗೆ ಬರಿಗಾಲಿನ ನಡಿಗೆ. ಹೋಗುವಾಗ ಚಳಿ, ಮರಳುವಾಗ ಬಿಸಿಲು. ಎಡಗಾಲಿನ ಹಿಮ್ಮಡಿಯಲ್ಲಿ ಜಾಲಿಮುಳ್ಳು ಮುರಿದು ಉಳಿದಿತ್ತು. ಅಂಗಳದಲ್ಲಿ ಅತ್ತೆ ಸೂಜಿಯಿಂದ ತೆಗೆದಳು. ತೆಗೆಯುವಷ್ಟು ಹೊತ್ತೂ ಗೋಡೆ ಹಿಡಿದು ಒಂಟಿಕಾಲಿನಲ್ಲಿ ನಿಂತಿದ್ದೆ. ಕೂಡ್ರಲಿಲ್ಲ. ಕೂಡ್ರದಿರುವುದೂ ಅಭ್ಯಾಸದ ಒಂದು ಭಾಗ.

ಈ ಅತ್ತೆ — ಅಪ್ಪನ ಅಕ್ಕ ಶಿವಕಾಂತಮ್ಮ — ನನ್ನ ಕಾವಲಿಗೆಂದು ನೇಮಕವಾದವಳು. ಪ್ರಾಯಕ್ಕೆ ಬಂದ ಹುಡುಗಿ ಒಬ್ಬಳೇ ಊರ ಹೊರಗೆ ನಡೆಯಬಾರದೆಂದು ಅಪ್ಪನ ಆಜ್ಞೆ. ಕಾವಲುಗಾರ್ತಿ ಮಾತ್ರ ತಂಬಾಕು ಜಗಿಯುತ್ತ, ಎದುರಾದ ಗಾಡಿಯವರ ಯೋಗಕ್ಷೇಮ ವಿಚಾರಿಸುತ್ತ, ನನಗಿಂತ ಹತ್ತು ಮಾರು ಮುಂದೆಯೇ ಇರುತ್ತಾಳೆ.

"ಮ್ಯಾಟ್ರಿಕ್ ಫಸ್ಟ್ ಬಂದಾಕಿ, ನಡ್ಯೋದ್ರಾಗ ಫೇಲ್ ಆಗ್ತಿ ನೋಡು," ಎಂದಳು ಇಂದು, ಹಿಂದಿರುಗಿ ನೋಡದೆಯೇ.

ನಾಳೆಯಿಂದ ಮುಂದೆ ನಡೆಯುವವಳು ನಾನು.

ದೈ ೧೯. ಮಧ್ಯಾಹ್ನ

ಅತ್ತೆ ಈಗ ಹಿಂದೆ. ಎರಡು ದಿನ ಬೇಕಾದವು.

ಅಂಗಾಲಿಗೆ ಮದರಂಗಿ ಮೆತ್ತಿದ್ದಾರೆ, ಚರ್ಮ ಗಟ್ಟಿಯಾಗಲೆಂದು. ಒಣಗುವವರೆಗೆ ಅಲುಗಾಡುವಂತಿಲ್ಲ. ಈ ಬಿಡುವಿನಲ್ಲಿ ನನ್ನ ಸಂಗತಿಯನ್ನು ರೇಖಾಗಣಿತದ ಪ್ರಮೇಯದಂತೆ ಬರೆದಿಡುತ್ತೇನೆ. ಹೀಗೆ ಬರೆದರೆ ಕದಡಿದ್ದು ತಿಳಿಯಾಗುತ್ತದೆ.

ದತ್ತ: ಹೋದ ವರ್ಷ ಪರೀಕ್ಷೆಗೆ ಮುನ್ನ ನನಗೆ ವಿಷಮಜ್ವರ ಬಂದಿತು. ಅವ್ವ ಶರಣಬಸವಪ್ಪನಿಗೆ ಹರಕೆ ಹೊತ್ತಳು. ಮಗಳು ಎದ್ದು ಪರೀಕ್ಷೆಗೆ ಕೂಡ್ರಲಿ, ಫಸ್ಟ್ ಬರಲಿ. ತನ್ನ ತವರು ಕಮಲಾಪುರದಿಂದ ಕಲಬುರ್ಗಿಯ ಶರಣರ ಗುಡಿಯವರೆಗೆ, ಎಂಟು ಹರದಾರಿ, ಎಂದರೆ ಇಪ್ಪತ್ತನಾಲ್ಕು ಮೈಲಿ, ಆ ಮಗಳು ಬರಿಗಾಲಿನಲ್ಲಿ ನಡೆದು ಬರುವಳು — ಹೊತ್ತು ಹುಟ್ಟಿ ಮುಳುಗುವುದರೊಳಗೆ, ನಡುವೆ ಎಲ್ಲಿಯೂ ಕೂಡ್ರದೆ. ನಾನು ಎದ್ದೆ. ಬರೆದೆ. ಇಡೀ ಕಲಬುರ್ಗಿ ಸುಭೆಯ ಹೆಣ್ಣುಮಕ್ಕಳಲ್ಲಿ ಮೊದಲನೆಯವಳಾದೆ.

ಬರೆದದ್ದು ನನ್ನ ಕೈ. ಹೆಸರು ಬಂದದ್ದು ಶರಣಪ್ಪನಿಗೆ. ಈಗ ಸವೆಯಬೇಕಾದದ್ದು ನನ್ನ ಕಾಲು. ಈ ವ್ಯವಸ್ಥೆಯಲ್ಲಿ ನ್ಯಾಯ ಎಲ್ಲಿದೆಯೆಂದು ಒಮ್ಮೆ ಅವ್ವನನ್ನು ಕೇಳಿದೆ. "ಕಾಲು ಅದಾವಲ್ಲ, ಅದೇ ನ್ಯಾಯ," ಎಂದಳು.

ಸಾಧನೀಯ: ಎಳ್ಳಮಾವಾಸ್ಯೆ ಕಳೆದ ಮೊದಲ ಸೋಮವಾರ ಆ ಎಂಟು ಹರದಾರಿ. ಆಮೇಲೆ ಹೈದರಾಬಾದ್. ನಮ್ಮ ಶಾಲೆಯ ಲಲಿತಾಬಾಯಿಯವರು ಅಲ್ಲಿಯ ಹೆಣ್ಣುಮಕ್ಕಳ ಕಾಲೇಜಿನಲ್ಲಿ, ಇಂಟರ್ ತರಗತಿಗೆ, ಬರುವ ಮಳೆಗಾಲದ ಅಮರ್ದಾದ್ ತಿಂಗಳಿಗೆ ನನ್ನ ಜಾಗ ಹಿಡಿದಿಟ್ಟಿದ್ದಾರೆ. ಅಪ್ಪ ಅಂದದ್ದು ಒಂದೇ ಮಾತು: "ಹರಕಿ ತೀರ್ಲಿ, ಆಮ್ಯಾಲ ನೋಡೂಣು."

ಆದ್ದರಿಂದ ನಡೆಯುವುದು. ಸಾಧಿಸಿದ್ದಾಯಿತು ಎಂದು ಕೊನೆಗೆ ಬರೆಯಲು ಒಂದು ಸಾಲು ಬಿಟ್ಟಿದ್ದೇನೆ.

ದೈ ೨೪. ಸಂಜೆ

ಸೇಡಂ ರಸ್ತೆಯಲ್ಲಿ ಊರು ದಾಟಿ, ಹೊಲಗಳ ನಡುವೆ, ಸೂರ್ಯ ನೆತ್ತಿಗೆ ಬರುವವರೆಗೆ. ಇಷ್ಟು ದೂರ ಹಿಂದೆಂದೂ ನಡೆದಿರಲಿಲ್ಲ. ಸೀರೆಯನ್ನು ಮೊಣಕಾಲಿನ ಕೆಳಗೆ ಎತ್ತಿ ಕಟ್ಟಿದರೆ ಹೆಜ್ಜೆ ಉದ್ದವಾಗುತ್ತದೆ. ಯಾವಾಗಲೋ ಕಾಲಿನ ನೋವು ನಿಂತು, ಕಾಲೇ ನಡೆಯತೊಡಗುತ್ತದೆ. ನಾನು ಅದರ ಮೇಲೆ ಕುಳಿತು ಹೋಗುತ್ತಿರುವಂತೆ. ಇದನ್ನು ಯಾರಿಗೆ ಹೇಳಲಿ.

ಮರಳಿದಾಗ ಮಠದ ಅಯ್ಯನವರು ಪಡಸಾಲೆಯಲ್ಲಿದ್ದರು. ಅತ್ತೆ ಕೈಕಾಲು ತೊಳೆಯುವ ಮೊದಲೇ ವಕೀಲರಂತೆ ನಿಂತಳು.

"ಅಯ್ಯನೋರ, ಒಂದು ಕೇಳೂದದರಿ. ಮರಕ್ಕ ಆನಕೊಂಡ್ರ ಕುಂತಂಗೇನ್ರಿ?"

"ಇಲ್ಲ. ಅದು ನಿಂತಂಗ."

"ಕುಕ್ಕರಗಾಲ್ಲೆ ಕುಂತ್ರ?"

ಅಯ್ಯನವರು ವಿಭೂತಿಯ ಹಣೆಯನ್ನು ತುಸು ಕೆರೆದುಕೊಂಡರು. "ಕುಂಡಿ ನೆಲಕ್ಕ ಹತ್ತಲಿಲ್ಲಂದ್ರ ಅದೂ ಕುಂತಂಗಲ್ಲ."

"ಎಡವಿ ಬಿದ್ಲು ಅನ್ರಿ. ಹತ್ತೇ ಹತ್ತತದ."

"ಬಿದ್ದದ್ದು ಬ್ಯಾರೆ, ಕುಂತದ್ದು ಬ್ಯಾರೆ ಶಿವಕಾಂತಮ್ಮ. ಬಿದ್ದಾಕಿ ಎದ್ದು ನಡದ್ರ ಶರಣ ಏನೂ ಅನ್ನಂಗಿಲ್ಲ. ಮನಸ್ಸು ಮಾಡಿ ಕುಂತ್ರ ಮಾತ್ರ ಹರಕಿ ಮುರೀತು."

"ಮುರದ್ರ?"

"ಬರೂ ವರ್ಷ ಅದೇ ಸೋಮವಾರ ಮತ್ತ ನಡೀಬೇಕು. ಅಲ್ಲೀ ತನಕ ಮನ್ಯಾಗ ಅರಿಶಿಣ ಕುಟ್ಟಂಗಿಲ್ಲ, ಹಂದರ ಹಾಕಂಗಿಲ್ಲ. ಗುರುಲಿಂಗಪ್ಪನ ಅಜ್ಜನ ಕಾಲದಿಂದ ನಿಮ್ಮ ಮನಿತನದ ನಡಾವಳಿ ಅದು."

ಗುರುಲಿಂಗಪ್ಪ ನನ್ನ ಅಪ್ಪ. ತಲೆಯಾಡಿಸಿದ.

ಒಳಗಿನಿಂದ ಅವ್ವ: "ಮುರಿಯೂ ಮಾತು ಯಾಕ್ರಿ ಅಯ್ಯನೋರ, ದೀಪಾ ಹಚ್ಚೂ ಹೊತ್ತಿನ್ಯಾಗ."

ಮದುವೆಯ ಅರಿಶಿಣದ ಗೊಡವೆ ನಮಗೇಕೆ ಎಂದುಕೊಂಡು ಕಾಲಿಗೆ ಹರಳೆಣ್ಣೆ ತಿಕ್ಕಿಕೊಂಡೆ.

ಬಹಮನ್ ೨. ಮಧ್ಯಾಹ್ನ

ನನ್ನ ಪ್ರಮೇಯದಲ್ಲಿ ಒಂದು ದತ್ತವನ್ನು ಬಿಟ್ಟಿದ್ದೆ.

ಅಪ್ಪ ಅಡತಿ ಅಂಗಡಿಯಿಂದ ಊಟದ ಹೊತ್ತಿಗೇ ಬಂದ. ತಲೆಯ ಪಟಕ ತೆಗೆದು ಗೂಟಕ್ಕೆ ಹಾಕಿದ.

"ಸೇಡಂ ರಸ್ತೆದಾಗ ನಿನ್ನ ಕಂಡಾರಂತ ಬೀಗರು. ಸೀರಿ ಎತ್ತಿ ಕಟ್ಟಿ ಕುದರಿ ಹಾಂಗ ಹೊಂಟಿದ್ಲು ಅಂದ್ರು. ನಕ್ಕೋತನೇ ಅಂದ್ರು, ಖರೇ, ಆದ್ರ ಅಂದ್ರು."

"ಯಾವ ಬೀಗರು?"

ಅಪ್ಪ ಅವ್ವನನ್ನು ನೋಡಿದ. ಅವ್ವ ನೆಲ ನೋಡಿದಳು. ರೊಟ್ಟಿ ಬಡಿಯುವ ಸದ್ದು ನಿಂತಿತು.

ಹುಮನಾಬಾದಿನ ದೌಲಪ್ಪನವರು. ತೊಗರಿ ವ್ಯಾಪಾರ. ಒಬ್ಬನೇ ಮಗ. ಮಾತು ದೀಪಾವಳಿಗೇ ಆಗಿದೆ. ಹರಕೆ ಬಾಕಿ ಇರುವುದರಿಂದ ತಡೆದಿದ್ದಾರೆ. ಅದು ತೀರಿದ ಮೂರನೆಯ ವಾರಕ್ಕೆ ಮದುವೆ. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅತ್ತೆಗೂ.

"ಹೈದರಾಬಾದ್?" ಎಂದೆ.

"ಹರಕಿ ತೀರಿದ ಮ್ಯಾಲ ನೋಡೂಣು ಅಂದಿದ್ನಿ. ನೋಡ್ದೆ. ಹುಡುಗ ಛಲೋ ಇದ್ದಾನ."

ದಿನವೂ ಬೆಳಗಿನ ಜಾವ ಎದ್ದು, ಹಿಮ್ಮಡಿ ಒಡೆದುಕೊಂಡು, ನಾನು ನಡೆದು ಹೋಗುತ್ತಿದ್ದದ್ದು ಹಂದರದ ಕಡೆಗೆ. ಅದೂ ಓಡುನಡಿಗೆಯಲ್ಲಿ.

ಇನ್ನು ಮೇಲೆ ಹೊಸ್ತಿಲು ದಾಟುವಂತಿಲ್ಲ. ಅಭ್ಯಾಸ ಬೇಕೆಂದರೆ ಮಾಳಿಗೆ ಇದೆ.

ಬಹಮನ್ ೯. ಬೆಳಿಗ್ಗೆ

ಏಳು ದಿನ ಏನೂ ಬರೆದಿಲ್ಲ. ಬರೆಯುವುದೇನು. ಪೂರ್ವದ ಗೋಡೆಯಿಂದ ಪಶ್ಚಿಮದ ಗೋಡೆ, ಬೆಳಕಿಂಡಿ ಬಳಸಿ ಮತ್ತೆ ಪೂರ್ವ. ಒಂದು ಮೂಲೆಯಿಂದ ಶರಣರ ಗುಡಿಯ ಕಳಸ ಕಾಣುತ್ತದೆ, ಇನ್ನೊಂದರಿಂದ ಕೋಟೆಯ ಬುರುಜು, ಮತ್ತೊಂದರಿಂದ ರೈಲಿನ ಹೊಗೆ. ನಾಲ್ಕನೆಯದರಿಂದ ನಮ್ಮದೇ ಹಿತ್ತಿಲು. ನಡೆದಷ್ಟೂ ಇಲ್ಲಿಯೇ ಇರುತ್ತೇನೆ.

ಮಣ್ಣಿನ ಮಾಳಿಗೆ. ನನ್ನ ಹೆಜ್ಜೆಗೆ ಜಂತಿಯ ಸಂದಿನಿಂದ ಮಣ್ಣು ಉದುರಿ ನಿನ್ನೆ ಬೇಳೆಯ ಗಡಿಗೆಗೆ ಬಿದ್ದಿತು. ಅತ್ತೆ ಕೆಳಗಿನಿಂದ ಕೂಗಿದಳು, "ಏ ಜಯದೇವಿ, ಸಾರಿಗೆ ಉಪ್ಪು ನಾ ಹಾಕೀನಿ, ನೀ ಮತ್ತ ಮಣ್ಣು ಹಾಕಬ್ಯಾಡ."

ಪಕ್ಕದ ಮಾಳಿಗೆಯಲ್ಲಿ ಕೆಂಪು ಮೆಣಸಿನಕಾಯಿ ಹರವುತ್ತಿದ್ದ ಇಮಾಮಬಿ ನಕ್ಕಳು. ಅವಳು ಗೋಷೆಯವಳು, ಹೊರಗೆ ಹೋಗುವುದು ವರ್ಷಕ್ಕೊಮ್ಮೆ, ಬಂದೇನವಾಜರ ಉರುಸಿಗೆ. "ನಡಿ ಬೇಟಾ, ನಡಿ," ಎಂದಳು. "ನಾ ಈ ಮಾಳಗಿ ಮ್ಯಾಲೇ ನಡದು ನಡದು ಇಷ್ಟೊತ್ತಿಗೆ ಮಕ್ಕಾ ಮುಟ್ಟಬೇಕಿತ್ತು."

ನನಗೆ ನಗು ಬರಲಿಲ್ಲ. ಅವಳು ಮೆಣಸಿನಕಾಯಿ ತಿರುವುತ್ತ ನನ್ನ ಮೂರು ಸುತ್ತನ್ನು ನೋಡಿದಳು.

ಬಹಮನ್ ೧೩. ಸಂಜೆ

ಲಲಿತಾಬಾಯಿಯವರು ಬಂದಿದ್ದರು. ಬಿಳಿಯ ಸೀರೆ, ಕೈಯಲ್ಲಿ ಕೊಡೆ, ಮಳೆಗಾಲ ಮುಗಿದು ಎಷ್ಟೋ ದಿನವಾದರೂ. ಅಪ್ಪ ಅವರೆದುರು ಎದ್ದು ನಿಲ್ಲುತ್ತಾನೆ; ಹೆಂಗಸರಲ್ಲಿ ಇನ್ನಾರಿಗೂ ನಿಲ್ಲುವುದಿಲ್ಲ.

"ಜಾಗಾ ಬಿಟ್ಟುಬಿಡು ಅಂತ ಬರೀಲೇನ್ರಿ ಹೈದರಾಬಾದಿಗೆ?"

"ಬರದುಬಿಡ್ರಿ ಬಾಯಾರ. ಮದಿವಿ ಗೊತ್ತಾಗ್ಯದ."

"ಏನರೆ ಆಗಿ ಈ ವರ್ಷ ಮದುವಿ ನಿಂತರ?"

ಅಪ್ಪ ನಕ್ಕ. "ನಿಂತ್ರ ಆಕಿನ್ನ ಮನ್ಯಾಗ ಇಟಗೊಂಡು ನಾ ಏನ್ ಮಾಡ್ಲಿ? ಮಾಳಗಿ ಬಿದ್ದುಹೋಗ್ತದ. ನಿಂತ್ರ ಕಳಸ್ತೀನಿ, ತಗೋರಿ, ಮಾತು ಕೊಟ್ಟೆ."

"ಹಂಗಾದ್ರ ಹರಕಿ ತಿಂಗಳು ಇಸ್ಫಂದಾರ ಮುಗಿಯೂ ತನಕ ನಾ ಬರಿಯೂದಿಲ್ಲ."

ಬಾಗಿಲವರೆಗೆ ಕಳಿಸಲು ಹೋದೆ. ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. "ನಿಮ್ಮ ತಂದಿ ಆಡಿದ ಮಾತಿಗೆ ತಪ್ಪಂಗಿಲ್ಲ. ನೀನು ಇಂಟರ್ ಪರೀಕ್ಷಾಕ್ಕ ಕೂಡ್ರಬೇಕು, ಜಯದೇವಿ. ಅದಕ್ಕ ಎಲ್ಲಿ ಕೂಡ್ರಬೇಕಾಗತದೋ ಅಲ್ಲಿ ಕೂಡು."

ಹೈದರಾಬಾದಿನ ಪರೀಕ್ಷಾಮಂದಿರವನ್ನು ಕುರಿತು ಹೇಳಿದರೇ? ಅವರು ಹೋದ ಮೇಲೂ ನಾನು ಬಾಗಿಲಲ್ಲಿ ನಿಂತೇ ಇದ್ದೆ. ಅಯ್ಯನವರ ಮಾತು ನೆನಪಾಯಿತು.

ಬಹಮನ್ ೧೪. ಬೆಳಿಗ್ಗೆ

ಇಷ್ಟು ಸರಳ. ದಾರಿಯಲ್ಲಿ ಒಮ್ಮೆ ಕುಳಿತರೆ ಹರಕೆ ಮುರಿಯುತ್ತದೆ. ಮುರಿದರೆ ಒಂದು ವರ್ಷ ಮದುವೆ ಇಲ್ಲ. ಮದುವೆ ಇಲ್ಲದಿದ್ದರೆ ಅಪ್ಪನ ಮಾತು, ಅಮರ್ದಾದ್, ಹೈದರಾಬಾದ್.

ಕೂಡ್ರುವುದು. ಮಗುವಿಗೂ ಬರುವ ವಿದ್ಯೆ.

ಆದರೆ ಹುಟ್ಟಿದಂದಿನಿಂದ ಕೈಹಾಕಿದ್ದನ್ನು ಅರ್ಧಕ್ಕೆ ಬಿಟ್ಟವಳಲ್ಲ. ಜ್ವರದಲ್ಲಿ ನಡುಗುತ್ತ ಬರೆದ ಪತ್ರಿಕೆಯಲ್ಲಿಯೂ ಒಂದು ಪ್ರಶ್ನೆ ಬಿಟ್ಟಿಲ್ಲ. ಹರಕೆ ಮುರಿದವಳು ಎಂದು ನಮ್ಮ ಗಾಜಿಪುರದ ಓಣಿಗಳಲ್ಲಿ ಬೆರಳು ಮಾಡುವರು. ತರಗತಿಯಲ್ಲಿ ನನ್ನ ಹಿಂದೆ ಎರಡನೆಯವಳಾಗಿ ಬಂದ ಪುತಳಾಬಾಯಿ ಬಾಯಿಗೆ ಸೆರಗು ಹಿಡಿದು ನಗುವಳು: ಸಾಲಿ ಕಲಿತಾಕಿಗೆ ಎಂಟು ಹರದಾರಿ ಆಗಲಿಲ್ಲಂತ. ಎಡವಿ ಬಿದ್ದೆನೆಂದು ನಟಿಸುವಂತೆಯೂ ಇಲ್ಲ, ಬಿದ್ದದ್ದು ಲೆಕ್ಕಕ್ಕಿಲ್ಲ. ಆಗದೆ ಕೂಡ್ರುವುದೂ ಅಲ್ಲ. ಆಗುವವಳೇ, ಮನಸ್ಸು ಮಾಡಿ, ಕೂಡ್ರಬೇಕು.

ನನ್ನಿಂದ ಆಗದು ಎಂದು ಜಗತ್ತಿಗೆ ತೋರಿಸುವುದೊಂದೇ ನನ್ನಿಂದ ಆಗದ ಕೆಲಸ.

ಬಹಮನ್ ೨೧. ಮಧ್ಯಾಹ್ನ

ಅಭ್ಯಾಸ ಬಿಟ್ಟುಬಿಡಬೇಕೆಂದುಕೊಂಡೆ. ಕಾಲು ಮೆತ್ತಗಾಗಲಿ, ಆ ದಿನ ತಾನೇ ಸೋಲಲಿ, ಆಗ ಕೂಡ್ರುವುದು ನನ್ನ ತಪ್ಪಾಗದು. ಎರಡು ದಿನ ಕೆಳಗೇ ಉಳಿದೆ. ಮೂರನೆಯ ಬೆಳಗು ಕಣ್ಣು ಬಿಟ್ಟಾಗ ಮಾಳಿಗೆಯ ಮೇಲಿದ್ದೆ, ಸೀರೆ ಎತ್ತಿ ಕಟ್ಟಿತ್ತು.

ಈಗ ನಿಂತು ಬರೆಯುವುದನ್ನೂ ರೂಢಿ ಮಾಡಿಕೊಳ್ಳುತ್ತಿದ್ದೇನೆ, ಈ ಪುಸ್ತಕವನ್ನು ಗೋಡೆಗೆ ಒತ್ತಿ ಹಿಡಿದು. ಮೇಲಿನ ಎರಡು ಸಾಲು ಹಾಗೆ ಬರೆದವು. ಇರುವೆಗಳು ಕಾಳು ಎಳೆದುಕೊಂಡು ಹೋದಂತಿವೆ. ಸೊಟ್ಟಗಾದ ಈ ಅಕ್ಷರಗಳು ನನ್ನವೆಂದು ಯಾರೂ ನಂಬಲಾರರು. ಕುಳಿತರೆ ಮಾತ್ರ ನನ್ನ ಅಕ್ಷರ ನನ್ನವು. ಇದನ್ನು ಕುಳಿತು ಬರೆದೆ.

ಬಹಮನ್ ೨೮. ಸಂಜೆ

ಅವ್ವ ಕಾಲಿಗೆ ಎಣ್ಣೆ ಹಚ್ಚಿದಳು. ಬೇಡವೆಂದರೂ ಬಿಡಲಿಲ್ಲ. ಹಿಮ್ಮಡಿಯ ಸೀಳುಗಳಲ್ಲಿ ಬೆರಳಿಟ್ಟು ನೋಡಿದಳು.

"ಅವ್ವಾ, ಕೂಡ್ರಬಾರದು ಅಂತ ಯಾಕ ಬೇಡಿಕೊಂಡಿ? ನಡದು ಬರ್ತಾಳ ಅಂದಿದ್ರ ಸಾಕಿತ್ತು."

ಅವ್ವ ಬಟ್ಟಲಿನಲ್ಲಿ ಎಣ್ಣೆ ತಿರುವುತ್ತಿದ್ದಳು.

"ಜ್ವರದಾಗ ನಿನಗ ಎಚ್ಚರಿದ್ದಿಲ್ಲ. ನಾ ಮಗ್ಗಲದಾಗ ಕುಂತಿದ್ದೆ. ಎದ್ರ ನೀ ಹೋಗಿಬಿಡ್ತಿ ಅಂತ ಅನಸ್ತಿತ್ತು, ಯಾಕೋ ಏನೋ. ನೀರು ಕುಡ್ಯಾಕೂ ಏಳಲಿಲ್ಲ. ಶಿವಕಾಂತಮ್ಮ ಬೈದ್ಲು, ನಿಮ್ಮಪ್ಪ ಬೈದ್ರು. ಕುಂತು ಕುಂತು ಸೊಂಟ ಹಿಡೀತು, ಕಾಲು ಮರಗಟ್ಟಿದ್ವು. ಆವಾಗ ಅಂದೆ — ಯಪ್ಪಾ ಶರಣಾ, ಆಕಿ ಪಾಲಿಂದೂ ನಾನೇ ಕುಂತುಬಿಟ್ಟೀನಿ. ಇನ್ನ ಆಕಿ ನಡೀಲಿ."

ಎಣ್ಣೆಯ ಕೈಯಿಂದಲೇ ಕಣ್ಣೊರೆಸಿಕೊಂಡು, ಉರಿ ಎಂದು ಎದ್ದು ಹೋದಳು.

ಇದನ್ನು ಕೇಳಬಾರದಿತ್ತು. ಇದು ಯಾವ ಪ್ರಮೇಯಕ್ಕೂ ಒಗ್ಗುವುದಿಲ್ಲ. ನಾನು ಕುಳಿತರೆ ಜ್ವರ ಮರಳಿ ಬರುವುದೆಂದು ಅವಳು ನಿಜವಾಗಿ ನಂಬಿದ್ದಾಳೆ. ಮುಂದಿನ ಒಂದು ವರ್ಷ ನಾನು ಹೈದರಾಬಾದಿನಲ್ಲಿ ಓದುವೆ. ಅವಳು ಇಲ್ಲಿ ನಡುರಾತ್ರಿ ಎದ್ದು ನನ್ನ ಖಾಲಿ ಹಾಸಿಗೆಯ ಹಣೆ ಮುಟ್ಟಿ ನೋಡುವಳು.

ಇಸ್ಫಂದಾರ ೯. ಕಮಲಾಪುರ. ಮಧ್ಯಾಹ್ನ

ನಿನ್ನೆ ಎಳ್ಳಮಾವಾಸ್ಯೆ. ಆಯಿಯ ಹೊಲದಲ್ಲಿ ಜೋಳದ ದಂಟಿನ ಗೂಡು ಕಟ್ಟಿ ಪೂಜಿಸಿದರು; ಭಜ್ಜಿ, ಸಜ್ಜಿ ರೊಟ್ಟಿ, ಕಡುಬು. ಆಯಿ ಅವ್ವನ ತಾಯಿ. ಹಲ್ಲಿಲ್ಲದ ಬಾಯಲ್ಲಿ ಎಲ್ಲರಿಗಿಂತ ಹೆಚ್ಚು ತಿಂದಳು. ತೋಟದ ಕೆಂಪು ಬಾಳೆಹಣ್ಣನ್ನು ದಿನಕ್ಕೆ ಮೂರು ಹೊತ್ತು ನನ್ನ ಬಾಯಿಗೆ ತುರುಕುತ್ತಾಳೆ. "ಮದಿವ್ಯಾಗ ಮಕಾ ತುಂಬಿರಬೇಕವ್ವ."

ಅವ್ವ ಗುಡಿಯ ಏರ್ಪಾಡಿಗೆಂದು ಕಲಬುರ್ಗಿಯಲ್ಲಿಯೇ ಉಳಿದಳು. ಬೀಗರು ಇಳಕಲ್ಲ ಸೀರೆ ಕಳಿಸಿದ್ದಾರೆ. ಸೋಮವಾರ ಸಂಜೆ ಅವರೂ ಗುಡಿಗೆ ಬರುವರು. ನಾನು ಶರಣರ ಗದ್ದುಗೆಗೆ ಹಣೆ ಹಚ್ಚಿ, ಮೊದಲ ಬಾರಿ ಕುಳಿತೊಡನೆ ಉಡಿ ತುಂಬುವರಂತೆ.

ಅತ್ತೆ ಸೀರೆಯ ಸೆರಗು ಬಿಡಿಸಿ ನೋಡುತ್ತ ಹೇಳಿದಳು, "ಗುಡ್ಯಾಗ ಕುಂತಿ ಅಂದ್ರ ಮುಂದ ಮದಿವಿ ಮಣಿ ಮ್ಯಾಲೇ ಕುಂಡ್ರಸ್ತಾರ. ಎಲ್ಲಾದಕ್ಕೂ ಕುಂಡ್ರೂದೇ ನೋಡವ್ವ ಹೆಣ್ಣಿನ ಹಣೇಬಾರ." ಆಮೇಲೆ, ತಂಬಾಕು ಉಗುಳಿ ಬಂದು: "ಸೀರಿ ಛಲೋ ಅದ, ಖರೇ."

ಮನೆಯ ಮುಂದೆಯೇ ದಾರಿ. ಕಲಬುರ್ಗಿಯ ಕಡೆಗೆ ಬೆಳ್ಳಗೆ ಹೋಗಿದೆ.

ಇಸ್ಫಂದಾರ ೧೪, ಸೋಮವಾರ. ಕಮಲಾಪುರ. ಹೊತ್ತು ಹುಟ್ಟುವ ಮುನ್ನ

ಇನ್ನೂ ಕುಳಿತಿದ್ದೇನೆ. ಆಯಿಯ ಹೊರಗಿನ ಕಟ್ಟೆ. ಪುಸ್ತಕ, ಪೆನ್ಸಿಲಿನ ತುಂಡು ಸೊಂಟದ ಚೀಲದಲ್ಲಿ. ನೀರಿನ ಕೊಡ ಇಟ್ಟುಕೊಂಡು ಸಾಯಬಣ್ಣನ ಗಾಡಿ ಹಿಂದೆ ಬರುತ್ತದೆ. ಅವನು ಅಪ್ಪನ ಅಡತಿಯ ಗಾಡಿ ಹೊಡೆಯುವವನು. ಅತ್ತೆ ನನ್ನ ಜೊತೆ ನಡೆಯುವಳು, ದಣಿದರೆ ಗಾಡಿ ಹತ್ತುವಳು.

ಏನು ಮಾಡುವೆನೆಂದು ನನಗೇ ತಿಳಿಯದು. ಪ್ರಶ್ನೆಪತ್ರಿಕೆ ಕೈಗೆ ಬರುವ ಮುನ್ನ ಹೀಗೆ ಎಂದೂ ಆಗಿದ್ದಿಲ್ಲ.

ಬಿಸಿಲು ಮೂಡಿತು. ಎದ್ದೆ.

ಕುರಿಕೋಟಾ

ಹೊಳೆ ದಾಟಿದೆವು. ನಿಂತು ಬರೆಯುತ್ತಿದ್ದೇನೆ, ಗಾಡಿಯ ಚಕ್ರಕ್ಕೆ ಪುಸ್ತಕ ಒತ್ತಿ. ಅಕ್ಷರ ಅಸಹ್ಯ. ನೀರಿನಲ್ಲಿ ಅಂಗಾಲು ನೆಂದು ಮೆತ್ತಗಾಯಿತು, ಇನ್ನು ಕಲ್ಲು ಚುಚ್ಚುವುದು ಹೆಚ್ಚು. ಅತ್ತೆ ಗಾಡಿ ಹತ್ತಿದಳು. "ನನಗೇನು ಹರಕಿಲ್ಲ," ಎಂದಳು.

ಕಾಲು ಚೆನ್ನಾಗಿವೆ. ಅದೇ ದುಃಖ.

ಮಹಾಗಾಂವ. ಮಧ್ಯಾಹ್ನ

ಆಲದ ಬುಡ. ಹೊಲಗಳಲ್ಲಿ ಯಾರೂ ಇಲ್ಲ. ಎಡಗಾಲಿನ ಹಿಮ್ಮಡಿ ಒಡೆದು ರಕ್ತ ಬಂದಿದೆ. ಬಟ್ಟೆ ಸುತ್ತಿದ್ದೇನೆ, ನಿಂತುಕೊಂಡೇ.

ಅತ್ತೆ ನನ್ನ ಮುಖ ನೋಡಿದಳು. ಗಾಡಿಯಿಂದ ಕಂಬಳಿ ತೆಗೆದು ಬೇರುಗಳ ನಡುವೆ ಹಾಸಿದಳು. ಸಾಯಬಣ್ಣನನ್ನು ಎತ್ತುಗಳಿಗೆ ನೀರು ಕುಡಿಸಲು ಕಳಿಸಿದಳು. ಆಮೇಲೆ ನನ್ನ ಕಡೆ ಬೆನ್ನು ಮಾಡಿ ನಿಂತಳು.

"ನಾ ಆ ಕಡಿ ನೋಡಾಕತ್ತೀನಿ. ಚೂರು ಕುಂಡ್ರು. ಶರಣಪ್ಪ ದೊಡ್ಡಾಂವ, ಇಂಥಾ ಸಣ್ಣ ಮಾತು ಮನಸಿಗಿ ಹಚಗೊಳ್ಳಂಗಿಲ್ಲ. ನಿಮ್ಮವ್ವಗ ನಾ ಹೇಳಂಗಿಲ್ಲ. ನನ್ನ ಮಣ್ಣಿನ ತನಕ ಹೇಳಂಗಿಲ್ಲ."

ಅವಳ ಬೆನ್ನು ನೋಡುತ್ತ ನಿಂತೆ. ಇಲ್ಲಿ ಕುಳಿತರೆ ಕುಳಿತದ್ದೇ ಆಗುವುದಿಲ್ಲ. ಅವಳ ಪ್ರೀತಿ ಅದನ್ನು ಮುಚ್ಚಿಹಾಕುತ್ತದೆ, ನಾನು ಸುಳ್ಳು ಫಸ್ಟ್ ಬರುವೆ, ಸಂಜೆಗೆ ಉಡಿ ತುಂಬುವರು. ನಕಲು ಮಾಡಿ ಪಾಸಾದಂತೆ.

"ಬೇಡ ಅತ್ತಿ," ಎಂದೆ. "ಕುಂತ್ರ ಎಲ್ಲಾರ ಮುಂದ ಕುಂಡ್ರತೀನಿ."

ಆ ಮಾತು ಬಾಯಿಂದ ಬಂದ ಮೇಲೆಯೇ ಅದರ ಅರ್ಥ ನನಗೆ ತಿಳಿದದ್ದು. ಅತ್ತೆಗೂ ತಿಳಿಯಿತೆಂದು ತೋರುತ್ತದೆ. ನಿಧಾನವಾಗಿ ತಿರುಗಿದಳು. ಕಂಬಳಿ ಮಡಿಚಿದಳು. ಬಹಳ ಹೊತ್ತು ಮಡಿಚಿದಳು.

"ನಿಮ್ಮವ್ವ ಏನಾಗ್ತಾಳ ಗೊತ್ತದ ಇಲ್ಲ ನಿನಗ?"

"ಗೊತ್ತದ."

ಹೊರಡುವ ಹೊತ್ತು. ಅವಳು ಗಾಡಿ ಹತ್ತಲಿಲ್ಲ.

ತಾಜಸುಲ್ತಾನಪುರ. ಹೊತ್ತು ಇಳಿಯುತ್ತಿದೆ

ಬೇವಿನ ಮರಕ್ಕೆ ಆತು ನಿಂತು. ಇಲ್ಲಿಂದ ಊರು ಕಾಣುತ್ತದೆ. ಈ ದಾರಿ ನನ್ನ ಕಾಲಿಗೆ ಬಾಯಿಪಾಠ. ಹೊತ್ತು ಮುಳುಗಲು ಬೇಕಾದಷ್ಟು ಸಮಯವಿದೆ. ಸೋಲುವ ಕಾರಣ ಒಂದೂ ಉಳಿದಿಲ್ಲ. ಊರಿನ ಹೆಂಗಸರು ನೋಡಲು ಬಂದಿದ್ದಾರೆ. ಒಬ್ಬಳು ಇನ್ನೊಬ್ಬಳಿಗೆ, "ಇಕಿನೇ ಅಂತ, ಸಾಲಿದಾಗ ಫಸ್ಟ್ ಬಂದಾಕಿ." ಮಜ್ಜಿಗೆ ಕೊಟ್ಟರು. ನಿಂತೇ ಕುಡಿದೆ. ಹೊಗಳಿದರು. ಹೊಗಳಿಕೆ ಈಗಲೂ ಹಿತವಾಗಿತ್ತು, ನಾಚಿಕೆ ಬಿಟ್ಟು ಬರೆಯುತ್ತೇನೆ.

ಊರ ಕಡೆಯಿಂದ ಅವ್ವ ಬರುತ್ತಿದ್ದಾಳೆ. ಗುಡಿಯಲ್ಲಿ ಕಾಯಬೇಕಾದವಳು ಇಲ್ಲಿಯವರೆಗೆ ನಡೆದು ಬಂದಿದ್ದಾಳೆ, ಬರಿಗಾಲಿನಲ್ಲಿ. ಕುಂಟುತ್ತಿದ್ದಾಳೆ. ಅವಳ ಹಿಂದೆ ಓಣಿಯ ಹೆಂಗಸರು ನಾಲ್ಕೈದು ಜನ. ಎಲ್ಲರಿಗಿಂತ ಮುಂದೆ ಓಡಿಬಂದ ಒಬ್ಬಳು ಅತ್ತೆಗೆ ಏದುಸಿರಿನಲ್ಲಿ ಅವ್ವನ ವಿಷಯ ಹೇಳಿದ್ದು ಕೇಳಿಸಿತು: "ಶಂಕ್ರಮ್ಮ ಮುಂಜಾನಿಂದ ಕುಂತೇ ಇಲ್ರಿ. ಊಟಾನೂ ನಿಂತೇ ಮಾಡ್ಯಾಳ. ಮಗಳು ಕುಂಡ್ರೂ ತನಕ ನಾನೂ ಕುಂಡ್ರಂಗಿಲ್ಲ ಅಂತ ಹಟಾ ಹಿಡದಾಳ. ಕಾಲು ಬಾತು ಹಿಂಗಾಗ್ಯಾವ."

ಮಗಳು ಕೂಡ್ರುವ ತನಕ.

ಅತ್ತೆ ನನ್ನನ್ನು ನೋಡಲಿಲ್ಲ. ನೆಲದ ಮೇಲಿದ್ದ ಒಂದು ಜಾಲಿಮುಳ್ಳನ್ನು ಕಾಲಿನಿಂದ ಆಚೆ ಸರಿಸಿದಳು, ಮರದ ಬುಡದಿಂದ ದೂರಕ್ಕೆ.

ಅಕ್ಷರಗಳು ನೆಟ್ಟಗಾದವು.

ಕುಳಿತ ನೆಲ ಬೆಚ್ಚಗಿದೆ. ಮಜ್ಜಿಗೆ ಕೊಟ್ಟವಳ ಕೈಯಿಂದ ತಂಬಿಗೆ ಬಿದ್ದ ಸದ್ದು. ಯಾರೋ ಶಿವಶಿವಾ ಎಂದರು. ತಲೆಯೆತ್ತುವುದಿಲ್ಲ, ಎತ್ತಿದರೆ ಏಳುವೆನೇನೋ. ಬರೆಯುತ್ತಲೇ ಇರಬೇಕು, ದುಂಡಗೆ, ಸಾಲು ತಪ್ಪದೆ, ಕಾಗುಣಿತ ತಪ್ಪದೆ. ಎಲ್ಲರೂ ನೋಡಿದ್ದಾರೆ. ಎಡವಿದ್ದಲ್ಲ ಎಂದು ಎಲ್ಲರೂ ನೋಡಿದ್ದಾರೆ.

ಬಾತ ಪಾದಗಳೆರಡು ಪುಸ್ತಕದ ಅಂಚಿನಾಚೆ ಬಂದು ನಿಂತವು. ಕಾಲುಂಗುರ ಮಾಂಸದಲ್ಲಿ ಹೂತಿದೆ. ಅವ್ವ ನನ್ನ ಹಣೆಗೆ ಅಂಗೈ ಇಟ್ಟಳು. ತಣ್ಣಗಿದೆ, ಅವ್ವಾ, ನೋಡು, ತಣ್ಣಗಿದೆ. ಕೈ ತೆಗೆಯಲಿಲ್ಲ. ಇನ್ನೊಂದು ಕೈ ನನ್ನ ಹೆಗಲ ಮೇಲೆ ಬಂದಿತು, ಭಾರವಾಗಿ, ಊರಿಕೊಳ್ಳುವಂತೆ. ಮೊಣಕಾಲು ಮಡಿಚಿದ ಸದ್ದು ಕೇಳಿತು. ಅವ್ವ ನನ್ನ ಮಗ್ಗುಲಲ್ಲಿ ಕುಳಿತಳು.